ಆತ್ಮವಿಶ್ವಾಸ: ಹಾನುಬಾಳು ವಿಧಾನ

ಅಧ್ಯಾಪಕರ ಆತ್ಮವಿಶ್ವಾಸದ ಬಗ್ಗೆ ಮಾತಾಡಲು ನಿಮಗೇನು ಅರ್ಹತೆ ಎಂದು ಕೆಲವರು ಕೇಳುತ್ತಾರೆ. ಯಾವ ಅರ್ಹತೆಯೂ ಇಲ್ಲ. ಆದರೂ ಹಾನುಬಾಳಿನಲ್ಲಿ ಬೋರ್ಡ್ ತಗುಲಿಸಿಕೊಂಡು ಕೂತಿದ್ದೇನೆ, ಜನ ಬರುತ್ತಿದ್ದಾರೆ. ನನ್ನ ವಿಧಾನದ ಅರ್ಧ ಪಾಠ ಇಲ್ಲಿಗೇ ಮುಗಿಯಿತು. ಉಳಿದರ್ಧಕ್ಕೆ ಶುಲ್ಕ ಉಂಟು.

ಬರುವವರಲ್ಲಿ ಬಹುಪಾಲು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಂದು ಕೆಂಪು ಬಸ್ಸಿನಲ್ಲಿ ಓಡಾಡುವವರು. ಬ್ಯಾಗಿನಲ್ಲಿ ಒಂದು ಟಿಫನ್ ಬಾಕ್ಸ್, ಒಂದು ಮಡಿಸುವ ಛತ್ರಿ, ಗುಂಡಿ ಹಾಕಿದ ಪ್ಲಾಸ್ಟಿಕ್ ಫೈಲು. ಫೈಲಿನೊಳಗೆ ಎಸ್ಸೆಸ್ಸೆಲ್ಸಿಯಿಂದ ಪಿಎಚ್.ಡಿ.ವರೆಗಿನ ಒರಿಜಿನಲ್‌ಗಳು, ಪ್ರತಿಯೊಂದರ ಹಿಂದೆ ಮೂರು ಜೆರಾಕ್ಸು. ಕುರ್ಚಿಯಲ್ಲಿ ಕೂರುತ್ತಲೇ ಫೈಲು ತೆಗೆದು, ಹೃದ್ರೋಗಿಗಳು ಇಸಿಜಿ ಚಾಚುವಂತೆ ನನ್ನ ಕಡೆ ಚಾಚುತ್ತಾರೆ. ಬೇಡ ಎಂದರೂ ಬಿಡುವುದಿಲ್ಲ. ಪ್ರತಿವರ್ಷ ಯಾರಿಗಾದರೂ ತೋರಿಸಿ ಅಭ್ಯಾಸ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಲೇಖನ ಬರೆದರು. ಓದಿ ಮೇಲೆ ಬಂದ ಮಹಿಳೆಯರಲ್ಲಿ ಅನೇಕರಿಗೆ ತಾವು ನಿಜವಾಗಿ ಯೋಗ್ಯರಲ್ಲ, ಯಾರನ್ನೋ ಮೋಸ ಮಾಡಿ ಇಲ್ಲಿಗೆ ಬಂದಿದ್ದೇವೆ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇವೆ ಎಂಬ ಅಳುಕು ಇರುತ್ತದೆ ಎಂದು ಅದರಲ್ಲಿ ತೋರಿಸಿದರು. ಈ ಅಳುಕಿಗೆ ಅವರಿಟ್ಟ ಇಂಪೋಸ್ಟರ್ ಎಂಬ ಹೆಸರು ಜಗತ್ತಿನ ವಿಶ್ವವಿದ್ಯಾಲಯಗಳಲ್ಲೆಲ್ಲ ಹಬ್ಬಿತು. ಅಲ್ಲಿನ ಚಿಕಿತ್ಸೆ ಸುಲಭ: ನಿಮ್ಮ ಅನುಮಾನಕ್ಕೆ ಆಧಾರವಿಲ್ಲ, ಸಂಸ್ಥೆಗೆ ನಿಮ್ಮ ಮೇಲೆ ನಂಬಿಕೆಯಿದೆ ಎಂದು ಮನದಟ್ಟು ಮಾಡಿಸುವುದು.

ಈ ಚಿಕಿತ್ಸೆಯನ್ನು ನಾನು ಹಾನುಬಾಳಿನಲ್ಲಿ ಪ್ರಯೋಗಿಸಿ ನೋಡಿದೆ, ಹತ್ತಲಿಲ್ಲ. ‘ನೀವು ತಾತ್ಕಾಲಿಕ, ಈ ಹುದ್ದೆಯ ಮೇಲೆ ನಿಮಗೆ ಹಕ್ಕಿಲ್ಲ ಎಂಬುದೆಲ್ಲ ಬರೀ ಮನಸ್ಸಿನ ಭ್ರಮೆ’ ಎಂದು ಒಬ್ಬರಿಗೆ ಸಮಾಧಾನ ಹೇಳುತ್ತಿದ್ದೆ. ಅವರು ಅದೇ ಫೈಲಿನಿಂದ ಒಂದು ಹಾಳೆ ತೆಗೆದರು. ಭ್ರಮೆಯನ್ನು ಶರತ್ತುಗಳ ರೂಪದಲ್ಲಿ ಟೈಪ್ ಮಾಡಿ, ಕೆಳಗೆ ಸೀಲು ಒತ್ತಿದ್ದರು.

ಹಾಗಂತ ಸರ್ಕಾರ ಆತ್ಮವಿಶ್ವಾಸದ ಬಗ್ಗೆ ಚಿಂತಿಸಿಲ್ಲ ಎನ್ನುವುದು ತಪ್ಪು. ಆತ್ಮವಿಶ್ವಾಸವನ್ನು ರೂಪಾಯಿ ಲೆಕ್ಕದಲ್ಲಿ ಅಳೆದ ಪ್ರಯೋಗ ನನಗೆ ತಿಳಿದ ಮಟ್ಟಿಗೆ ಕರ್ನಾಟಕದ್ದೇ. 2022ರ ಜನವರಿಯಲ್ಲಿ ಅತಿಥಿ ಉಪನ್ಯಾಸಕರನ್ನು ನಾಲ್ಕು ಮೆಟ್ಟಿಲುಗಳಲ್ಲಿ ಕೂರಿಸಿದರು. ಯುಜಿಸಿ ಅರ್ಹತೆಯೂ ಐದು ವರ್ಷ ಮೀರಿದ ಸೇವೆಯೂ ಇದ್ದವರಿಗೆ ತಿಂಗಳಿಗೆ 32,000, ಅರ್ಹತೆ ಇದ್ದು ಸೇವೆ ಕಡಿಮೆಯಾದರೆ 30,000, ಸೇವೆ ಇದ್ದು ಅರ್ಹತೆ ಇಲ್ಲದಿದ್ದರೆ 28,000, ಎರಡೂ ಸಾಲದವರಿಗೆ 26,000. ಮೆಟ್ಟಿಲಿಂದ ಮೆಟ್ಟಿಲಿಗೆ ಸರಿಯಾಗಿ 2,000. ಮನಶ್ಶಾಸ್ತ್ರಕ್ಕೆ ಇಷ್ಟು ನಿಖರತೆ ಹಿಂದೆಂದೂ ಸಿಕ್ಕಿರಲಿಲ್ಲ. ಅದಕ್ಕೆ ಮುಂಚೆ 11,000, 13,000 ಇತ್ತೆಂದು ನೆನಪಿಸಿಕೊಂಡರೆ ಇದು ಭಾರಿ ಏರಿಕೆಯೇ. ಜೊತೆಗೆ ವಾರಕ್ಕೆ ಎಂಟು-ಹತ್ತು ಗಂಟೆಯಿದ್ದ ಬೋಧನೆ ಹದಿನೈದು ಗಂಟೆಗೆ ಏರಿತು. ಕಾಲೇಜಿನಲ್ಲಿ ಪಾಠ ಹೆಚ್ಚಾಗಲಿಲ್ಲವಾದ್ದರಿಂದ ಪಾಠ ಮಾಡುವವರು ಕಡಿಮೆಯಾದರು. ಉಳಿದವರ ಆತ್ಮವಿಶ್ವಾಸ ಹೆಚ್ಚಿತು. ಹೊರಗೆ ಹೋದವರನ್ನು ಅಳೆಯಲು ಮೆಟ್ಟಿಲು ಇಟ್ಟಿರಲಿಲ್ಲ.

ಹಾನುಬಾಳಿನಲ್ಲಿ ಈ ಮೆಟ್ಟಿಲುಗಳನ್ನು ಓದುವ ಕ್ರಮವೇ ಬೇರೆ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ 50 ಕೆಜಿ ಮೂಟೆಗೆ 25,000 ದಾಟಿದಾಗ, ಇಲ್ಲಿನ ಬೆಳೆಗಾರರು ಕೆಳಗಿನ ಮೆಟ್ಟಿಲಿನ ಉಪನ್ಯಾಸಕರನ್ನು ‘ತಿಂಗಳಿಗೊಂದು ಮೂಟೆ’ ಎಂದು ಗುರುತಿಸತೊಡಗಿದರು. ಇದರಲ್ಲಿ ಅಗೌರವವೇನಿಲ್ಲ. ಮೂಟೆ ಎಂದರೆ ಇಲ್ಲಿ ಗೌರವದ ಮಾತು.

ಇನ್ನು ಸಂಶೋಧನೆ. ಲೇಖನ ಪ್ರಕಟವಾದರೆ ಧೈರ್ಯ ಬರುತ್ತದೆ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಪ್ರಕಟಿಸಿ, ಆದರೆ ಪಟ್ಟಿ ನೋಡಿ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಕೇರ್ ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ನನ್ನಲ್ಲಿಗೆ ಬರುವ ಒಬ್ಬರು ಹಳೆಯ ಪಟ್ಟಿಗೆ ಎರಡು, ಹೊಸ ಪಟ್ಟಿಗೆ ಎರಡು ಲೇಖನ ಬರೆದು ಈಗ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿಟ್ಟಿದ್ದಾರೆ. ಪಟ್ಟಿಯೇ ಇಲ್ಲದ ಮೇಲೆ ಪಟ್ಟಿಯಿಂದ ಬಿದ್ದುಹೋಗುವ ಭಯವೂ ಇಲ್ಲ ಎಂದು ನಾನು ತಿಳಿಸಿಹೇಳಿದ್ದೇನೆ. ನೆಟ್ ಪರೀಕ್ಷೆಗೂ ಇದೇ ಸೂತ್ರ: 2024ರ ಜೂನ್ 18ರಂದು ದೇಶದಾದ್ಯಂತ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, 19ಕ್ಕೆ ಪರೀಕ್ಷೆಯೇ ರದ್ದಾಯಿತು. ಅಂದು ಚೆನ್ನಾಗಿ ಬರೆದೆ ಎಂದವರ ಮಾತು ಸುಳ್ಳು ಎನ್ನಲು ಇವತ್ತಿಗೂ ಯಾರ ಬಳಿಯೂ ಪುರಾವೆಯಿಲ್ಲ.

ತರಗತಿಯೊಳಗಿನ ಅಳುಕಿಗೆ ಮಾತ್ರ ನಮ್ಮ ಸೀಮೆಯಲ್ಲಿ ಸಹಜವಾದ ಔಷಧಿ ಇದೆ. ಬೆಳಗಿನ ಮೊದಲ ಪೀರಿಯಡ್ಡಿಗೆ ನಲವತ್ತು ಮಂದಿಯ ಬದಲು ಆರು ಮಂದಿ ಕೂತಿದ್ದರೆ ಬೆಂಗಳೂರಿನ ಅಧ್ಯಾಪಕ ತನ್ನ ಪಾಠವನ್ನೇ ಅನುಮಾನಿಸಬೇಕಾಗುತ್ತದೆ. ಇಲ್ಲಿ ಹಾಗಿಲ್ಲ. ‘ಸಾರ್, ತೋಟದ ದಾರೀಲಿ ಆನೆ’ ಎಂದರೆ ಮುಗಿಯಿತು. ಅದು ನಿಜವೂ ಆಗಿರುತ್ತದೆ. ಅರಣ್ಯ ಇಲಾಖೆ ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ತೊಡಿಸಿ, ಗುಂಪು ಯಾವ ಊರಿನ ಬಳಿ ಬೀಡುಬಿಟ್ಟಿದೆ ಎಂದು ಜನರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಸಂದೇಶ ಬಂದ ದಿನ ಹಾಜರಾತಿ ಕುಸಿದರೆ ಅಧ್ಯಾಪಕರ ತಪ್ಪಲ್ಲ. ಬಾರದ ದಿನ ಕುಸಿದರೆ ಕಾಲರಿನ ಬ್ಯಾಟರಿ ಮುಗಿದಿದೆ ಎಂದು ತಿಳಿಯಬೇಕು.

ಆನೆಗಳಿಂದ ಕಲಿಯುವುದು ಇನ್ನೂ ಇದೆ. 2014ರಲ್ಲಿ ಆಲೂರು ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಇನ್ನು ಇಲ್ಲಿ ಆನೆ ಇರಬಾರದು ಎಂಬುದು ಉದ್ದೇಶ. ಸ್ವಲ್ಪ ಕಾಲದಲ್ಲೇ ಬೇರೆ ಆನೆಗಳು ಬಂದು ಅದೇ ಗದ್ದೆಗೆ ಇಳಿದವು. ವರ್ಕ್‌ಲೋಡ್ ಇದೆಯೇ, ಆದೇಶ ಬಂದಿದೆಯೇ ಎಂದು ಅವು ಯಾರನ್ನೂ ಕೇಳಲಿಲ್ಲ. ಈಗ ಅವುಗಳಲ್ಲಿ ಕೆಲವಕ್ಕೆ ಹೆಸರಿದೆ. ಭೀಮ ಎಂಬ ಸಲಗ ಊರೊಳಗಿನ ರಸ್ತೆಯಲ್ಲಿ ನಡೆದರೆ ವಿಡಿಯೊ ಟಿ.ವಿ.ಯಲ್ಲಿ ಬರುತ್ತದೆ. ಹದಿನೈದು ವರ್ಷ ಪಾಠ ಮಾಡಿದ ಉಪನ್ಯಾಸಕರೊಬ್ಬರನ್ನು ಅವರ ಕಾಲೇಜಿನ ಕಚೇರಿಯಲ್ಲಿ ಇನ್ನೂ ‘ಹಿಸ್ಟರಿ ಗೆಸ್ಟು’ ಎನ್ನುತ್ತಾರೆ. ಭೀಮನ ನಡಿಗೆಯನ್ನು ಗಮನಿಸಿ ಎಂದು ಅವರಿಗೆ ಮನೆಪಾಠ ಕೊಟ್ಟಿದ್ದೇನೆ, ದೂರದಿಂದ.

ವಿಚಾರ ಸಂಕಿರಣಗಳ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಬ್ಯಾಗು ಕೊಡುತ್ತಾರೆ, ತಗೊಳ್ಳಿ. ವೇದಿಕೆಯ ಮೇಲಿನವರಿಗೆ ಏಲಕ್ಕಿ ಹಾರ ಹಾಕುವಾಗ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಏಲಕ್ಕಿ ಬೆಳೆಯುವುದು ನಮ್ಮ ಬೆಟ್ಟದಲ್ಲಿ, ಹಾರಕ್ಕೆ ಹೆಸರು ಬಂದಿರುವುದು ಹಾವೇರಿಗೆ. ಏಲಕ್ಕಿ ಗಿಡ ಇದರಿಂದ ನೊಂದದ್ದನ್ನು ಸಕಲೇಶಪುರದ ದೋಣಿಗಾಲಿನ ಏಲಕ್ಕಿ ಸಂಶೋಧನಾ ಕೇಂದ್ರದವರೂ ದಾಖಲಿಸಿದಂತಿಲ್ಲ.

ವ್ಯಾಯಾಮದ ಬಗ್ಗೆ ಒಂದು ಮಾತು. ನಡಿಗೆ ಮನಸ್ಸಿಗೆ ಒಳ್ಳೆಯದು ಎಂದು ನಾನು ಮೊದಲಿಂದಲೂ ಹೇಳುತ್ತಿದ್ದೇನೆ. 2023ರ ಕೊನೆಯಲ್ಲಿ ತರಗತಿ ಬಹಿಷ್ಕರಿಸಿ ಧರಣಿ ಕೂತ ಅತಿಥಿ ಉಪನ್ಯಾಸಕರು, ಹೊಸ ವರ್ಷಕ್ಕೆ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ನಡೆದೇ ಹೊರಟರು. ಹೋರಾಟಕ್ಕೆ ಫಲಿತಾಂಶವೂ ಕಂಡಿತು: ಸೇವಾವಧಿ ನೋಡಿ 5,000ದಿಂದ 8,000ದವರೆಗೆ ಏರಿಕೆ, 60 ತುಂಬಿದವರಿಗೆ 5 ಲಕ್ಷದವರೆಗಿನ ಇಡಿಗಂಟು ಎಂದು ಸರ್ಕಾರ ಘೋಷಿಸಿತು. ಅವರು ಕೇಳಿದ್ದು ಸೇವಾ ಖಾಯಮಾತಿ. ಅದಕ್ಕೆ ಇನ್ನೂ ಎಷ್ಟು ಕಿಲೋಮೀಟರ್ ನಡೆಯಬೇಕು ಎಂಬ ಕೋಷ್ಟಕವನ್ನು ತಯಾರಿಸುತ್ತಿದ್ದೇನೆ.

ವಿಧಾನದ ಮಿತಿಯನ್ನೂ ಹೇಳದಿದ್ದರೆ ತಜ್ಞನ ಲಕ್ಷಣವಾಗದು. ಕಳೆದ ಕೊಯ್ಲಿನ ಸಮಯದಲ್ಲಿ ನನ್ನ ಬಳಿ ಪೂರ್ತಿ ಕೋರ್ಸ್ ಮುಗಿಸಿದ ಒಬ್ಬ ಡಾಕ್ಟರೇಟ್‌ಧಾರಿಗೆ ಪಕ್ಕದ ತೋಟದ ಮಾಲೀಕರು ರೈಟರ್ ಕೆಲಸ ಕೊಡುತ್ತೇನೆಂದರು. ಖಾಯಂ ಕೆಲಸ, ಇರಲು ಮನೆ, ಪಿ.ಎಫ್., ವರ್ಷಕ್ಕೊಮ್ಮೆ ಬೋನಸ್. ಬೆಳಿಗ್ಗೆ ಆಳುಗಳ ಹಾಜರಿ ಕೂಗಬೇಕು, ಅದು ಅವರಿಗೆ ರೂಢಿಯೇ. ಅವರು ಎದೆಯುಬ್ಬಿಸಿ, ‘ಕ್ಷಮಿಸಿ, ನಾನು ಸಹಾಯಕ ಪ್ರಾಧ್ಯಾಪಕ ಆಗುವವನು’ ಎಂದು ಬಂದುಬಿಟ್ಟರು. ನನ್ನ ಕಡತದಲ್ಲಿ ಇದನ್ನು ಸಂಪೂರ್ಣ ಗುಣಮುಖರ ಪಟ್ಟಿಗೆ ಸೇರಿಸಿದ್ದೇನೆ. ಶುಲ್ಕವನ್ನು ಮಾತ್ರ ಮುಂದಿನ ಸೆಮಿಸ್ಟರಿನ ಆದೇಶ ಬಂದ ಮೇಲೆ ಕೊಡುತ್ತಾರಂತೆ.