ಮೊದಲ ಹತ್ತು ಗಂಟೆ ಬೋರು, ಆಮೇಲೆ ನೋಡಿ ಭಾವ

ಬಸ್ ಸ್ಟ್ಯಾಂಡಿನಲ್ಲಿ ಕೂತು ಫೋನಿನಲ್ಲಿ ಕ್ಯಾಂಡಿ ಕ್ರಷ್ ಆಡುವವರನ್ನು ಕಂಡರೆ ಕೆಲವರಿಗೆ ಕರುಣೆ ಉಕ್ಕಿ ಬರುತ್ತದೆ. ಪಕ್ಕದಲ್ಲಿ ಬಂದು ಕೂರುತ್ತಾರೆ. ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಶುರು: ‘1999ರಲ್ಲಿ ಒಂದು ಗೇಮ್ ಬಂದಿತ್ತು...’ ಹಳೇ ಗೇಮುಗಳ ಶಿಫಾರಸುದಾರ ಅಂದರೆ ಇವನೇ. ಬೆಂಗಳೂರಿನ ಆಫೀಸುಗಳಲ್ಲಿ ಮಹಡಿಗೊಬ್ಬ ಸಿಗುತ್ತಾನೆ, ನಮ್ಮ ಕಡೆ ಊರಿಗೊಬ್ಬ. ನನ್ನ ಪಾಲಿಗೆ ಬಂದವನು ಹೆಂಡತಿಯ ತಮ್ಮ. ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಶಿಡ್ಲಘಟ್ಟದ ರೇಷ್ಮೆ ರೀಲರ್ ಮನೆಯ ಹುಡುಗ. ಬಿಸಿನೀರಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯುವುದನ್ನು ನೋಡುತ್ತಲೇ ಬೆಳೆದವನು. ಆ ತಾಳ್ಮೆ ಅವನಿಗೆ ಬಂದಿದೆ. ಎದುರಿಗಿರುವವರಿಗೂ ಅದು ಇರುತ್ತದೆ ಅಂದುಕೊಂಡಿದ್ದಾನೆ, ಅದೇ ಕಷ್ಟ.

ರಜೆಯಲ್ಲಿ ಬಂದವನಿಗೆ ‘ಟೈಂಪಾಸಿಗೆ ಯಾವುದಾದ್ರೂ ಒಂದು ಗೇಮ್ ಹಾಕ್ಕೊಡಪ್ಪ’ ಅಂದೆ, ಅಷ್ಟೇ. ನಾಡಿ ಹಿಡಿಯುವುದೊಂದು ಬಾಕಿ. ‘ಓದೋ ಅಭ್ಯಾಸ ಇದೆಯಾ ಭಾವ? ಕತ್ತಲಲ್ಲಿ ಹೆದರ್ತೀರಾ? ಸಾಯೋದು ಪರವಾಗಿಲ್ವಾ?’ ಮೂರನೆಯದಕ್ಕೆ ನಾನು ಉತ್ತರ ಹುಡುಕುವಷ್ಟರಲ್ಲಿ ಲ್ಯಾಪ್‌ಟಾಪ್ ಅವನ ತೊಡೆಯ ಮೇಲಿತ್ತು. ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’, 1999ರದ್ದು. ಹೊಸ ಪರದೆಗಳಿಗೆ ಹೊಂದುವಂತೆ 2017ರಲ್ಲೇ ಅದನ್ನು ತಿದ್ದಿ ಮತ್ತೆ ಬಿಟ್ಟಿದ್ದಾರೆ. ಇವನಿಗೆ ಅದು ಆಗದು. ಅಸಲಿಯೇ ಬೇಕು. ಅಸಲಿಯಲ್ಲಿ ಅಕ್ಷರಗಳು ಸಾಸಿವೆ ಕಾಳಿನಷ್ಟು. ದೊಡ್ಡದು ಮಾಡಲು ಒಂದು ಪ್ಯಾಚು, ಆ ಪ್ಯಾಚು ಕೂರಲು ಇನ್ನೊಂದು ಪ್ಯಾಚು. ಭಾನುವಾರ ಪೂರ್ತಿ ಹೋಯಿತು. ಮಧ್ಯೆ ಊಟಕ್ಕೆ ಎದ್ದಾಗ ಅವನ ಮುಖದಲ್ಲಿದ್ದ ಸಂತೋಷ ನೋಡಿದರೆ, ಗೇಮ್ ಆಡುವುದಕ್ಕಿಂತ ಅದನ್ನು ಓಡುವಂತೆ ಮಾಡುವುದೇ ಇವನಿಗೆ ಗೇಮು ಅನ್ನಿಸಿತು.

ಸಂಜೆ ಗೇಮು ಓಡಿತು. ಕಥಾನಾಯಕ ಕಣ್ಣು ಬಿಡುವುದೇ ಹೆಣದ ಮನೆಯ ಕಲ್ಲಿನ ಮೇಲೆ. ಹೆಸರು ನೆನಪಿಲ್ಲ, ಸತ್ತರೂ ಸಾಯುವುದಿಲ್ಲ. ಗಾಳಿಯಲ್ಲಿ ತೇಲುವ ತಲೆಬುರುಡೆಯೊಂದು ಬಂದು ಹರಟೆ ಶುರು ಮಾಡುತ್ತದೆ. ಅಷ್ಟರಲ್ಲಿ ದೇವರ ಮನೆಯಿಂದ ಈಚೆ ಬಂದ ನನ್ನಾಕೆ ಪರದೆ ನೋಡಿದಳು. ‘ದೀಪ ಹಚ್ಚೋ ಹೊತ್ತಲ್ಲಿ ಹೆಣದ ಮನೇಲಿ ಏನ್ರೀ ಕೆಲ್ಸ?’ ತಮ್ಮನ ಕಡೆ ತಿರುಗಿ, ‘ನಿಮ್ ಭಾವಂಗೆ ಬಿ.ಪಿ. ಇದೆ ಕಣೋ!’

‘ಇದು ಹಾರರ್ ಅಲ್ಲ ಅಕ್ಕಾ, ತತ್ತ್ವಶಾಸ್ತ್ರ,’ ಅಂದ. ನನಗೆ, ‘ಮೊದಲ ಹತ್ತು ಗಂಟೆ ಬೋರು. ಆಮೇಲೆ ನೋಡಿ ಭಾವ.’ ನಾನು ಸರ್ಕಾರಿ ನೌಕರಿ ಮಾಡಿದವನು, ಬೋರಿಗೆ ಹೆದರುವವನಲ್ಲ. ಆದರೆ ಇವನು ಕುರ್ಚಿಯ ಹಿಂದೆ ನಿಲ್ಲುತ್ತಾನೆ. ‘ನಾನೇನೂ ಹೇಳಲ್ಲ, ನೀವೇ ಕಂಡ್ಕೋಬೇಕು’ ಅನ್ನುತ್ತಾನೆ. ಎಡಗಡೆ ಬಾಗಿಲಿಗೆ ಹೋದರೆ ಗಂಟಲು ಸರಿಮಾಡಿಕೊಳ್ಳುತ್ತಾನೆ. ಬಲಗಡೆಗೆ ಹೋದರೆ ಉಸಿರೇ ಬಿಡುವುದಿಲ್ಲ.

ಉಳಿದ ಶಿಫಾರಸುಗಳಿಗೂ ಇದೇ ನಿಷ್ಠೆ. ‘ಡಯಾಬ್ಲೊ’ ಎಂದರೆ ಮೌಸ್ ಕುಟ್ಟುವವರ ಆಟವೆಂದು ಮುಖ ತಿರುಗಿಸುತ್ತಾನೆ. ‘ರೆಸಿಡೆಂಟ್ ಈವಿಲ್’ 1996ರದ್ದೇ ಆಗಬೇಕು. ಅದರಲ್ಲಿ ಆಟವನ್ನು ಸೇವ್ ಮಾಡಲು ಟೈಪ್‌ರೈಟರ್ ಬೇಕು, ಅದಕ್ಕೆ ರಿಬ್ಬನ್ ಬೇಕು, ರಿಬ್ಬನ್ ಇರುವುದು ಎಣಿಸಿದಷ್ಟೇ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನವನು ಇದನ್ನು ಮೆಚ್ಚುವುದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. 2002ರ ‘ಮಾರೋವಿಂಡ್’ನಲ್ಲಿ ದಾರಿ ತೋರುವ ಬಾಣದ ಗುರುತಿಲ್ಲ, ಸೇತುವೆ ದಾಟು, ಬಂಡೆ ಬಂದಾಗ ತಿರುಗು ಎಂದು ಯಾರೋ ಹೇಳಿದ್ದನ್ನು ನಂಬಿ ನಡೆಯಬೇಕು. ಗೌರಿಬಿದನೂರಿನ ಕಡೆ ಕೇಳಿಕೊಂಡು ಕೇಳಿಕೊಂಡು ಮದುವೆ ಮನೆ ಮುಟ್ಟಿದವರಿಗೆಲ್ಲ ಅದು ಸಲೀಸು ಎಂಬುದು ಅವನ ವಾದ. ಇದೊಂದನ್ನು ಒಪ್ಪಿದ್ದೇನೆ.

ನನ್ನ ನಿಜವಾದ ಸಂಕಟ ಸ್ಕಂದಗಿರಿಯದು. ಹಿಂದೆಲ್ಲ ಹುಡುಗರು ರಾತ್ರೋರಾತ್ರಿ ಹತ್ತುತ್ತಿದ್ದ ಬೆಟ್ಟ. ಈಗ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಿಕೊಂಡು ಹೋಗಬೇಕು. ಪಾಪಾಗ್ನಿ ಮಠದ ಬಳಿಯಿಂದ ನಸುಕಿನಲ್ಲಿ ಹೊರಟೆವು. ಸುಮಾರು 1,450 ಮೀಟರ್ ಎತ್ತರ, ನಂದಿಗಿಂತ ಸ್ವಲ್ಪವೇ ಕಡಿಮೆ. ಅರ್ಧ ದಾರಿಗೆ ಮಂಜು ಮುಚ್ಚಿಕೊಂಡಿತು, ನನ್ನ ಕಾಲು ನನಗೇ ಕಾಣದು. ಎಲ್ಲರೂ ‘ಆಹಾ’ ಅಂದರೆ ಇವನು ನಿಂತು ಪಾಠ ತೆಗೆದ.

‘1999ರ ಸೈಲೆಂಟ್ ಹಿಲ್ ಇದೇ ಭಾವ! ಆಗಿನ ಪ್ಲೇಸ್ಟೇಷನ್‌ಗೆ ದೂರದ ಬೀದಿ ಬಿಡಿಸೋ ಶಕ್ತಿ ಇರ್ಲಿಲ್ಲ. ಅದಕ್ಕೇ ಮಂಜು ಸುರಿದುಬಿಟ್ರು. ಇಲ್ಲದ್ದನ್ನ ಮುಚ್ಚೋಕೆ ಹಾಕಿದ್ದೇ ಜನಕ್ಕೆ ಭಯ ಹುಟ್ಟಿಸ್ತು. 2024ರಲ್ಲಿ ಎರಡನೇ ಭಾಗನ ಹೊಸದಾಗಿ ಮಾಡಿದ್ರಲ್ಲ, ಈಗಿನ ಮೆಷಿನ್ನು ಎಷ್ಟು ದೂರ ಬೇಕಾದ್ರೂ ಬಿಡಿಸುತ್ತೆ. ಆದ್ರೂ ಮಂಜು ತೆಗೀಲಿಲ್ಲ!’

ಅವನು ಹೇಳಿದ್ದು ಚೆನ್ನಾಗಿತ್ತು. ಆದರೆ ಹಿಂದೆ ಇಪ್ಪತ್ತು ಜನ ನಿಂತಿದ್ದರು, ಕಾಲುದಾರಿ ಒಬ್ಬರಿಗಷ್ಟೇ. ಆ ಗೇಮಿನಲ್ಲಿ ಪಿಶಾಚಿ ಹತ್ತಿರ ಬಂದರೆ ಜೇಬಿನ ರೇಡಿಯೋ ಗರಗರ ಅನ್ನುತ್ತದಂತೆ. ಅದನ್ನು ಹೇಳುತ್ತಿರುವಾಗಲೇ ಮುಂದೆ ಯಾರದೋ ಮೊಬೈಲಿನ ಎಫ್.ಎಂ. ಸಿಗ್ನಲ್ ತಪ್ಪಿ ಗರಗರ ಅಂತು. ಇವನು ನನ್ನ ಎದೆಗೆ ಕೈ ಅಡ್ಡ ಹಿಡಿದು, ‘ಅಲ್ಲಾಡ್ಬೇಡಿ ಭಾವ’ ಎಂದು ಪಿಸುಗುಟ್ಟಿದ. ಮಂಜಿನಿಂದ ಒಂದು ಕೋತಿ ಇಳಿಯಿತು. ಅವನ ಹೆಗಲಿನ ಚೀಲ ಕಿತ್ತುಕೊಂಡು ಮಂಜಿನೊಳಗೇ ಹೋಯಿತು. ನಮ್ಮ ಚಕ್ಕುಲಿಯೆಲ್ಲ ಅದರಲ್ಲಿತ್ತು.

ಕೋಟೆಯ ಪಾಳುಗೋಡೆಯ ಮೇಲೆ ಹಸಿದು ಕೂತಾಗ ಹಳೆಯ ಮಾತು ಬಂತು. ಕಾಲೇಜಿನ ಕಾಲದಲ್ಲಿ ನಾಲ್ವರು ದುಡ್ಡು ಹಾಕಿ ಮೆಜೆಸ್ಟಿಕ್ ಹತ್ತಿರ ‘ಬಾಲ್ಡರ್ಸ್ ಗೇಟ್’ ಕೊಂಡರಂತೆ. 1998ರ ಗೇಮು, ಐದು ಸಿ.ಡಿ. ಕಳ್ಳ ಕಾಪಿಯಾದ್ದರಿಂದ ಒಂದು ಸಿ.ಡಿ. ಓದಲೇ ಇಲ್ಲ. ಅದರಲ್ಲಿ ಏನಿರಬಹುದೆಂದು ಚಿಕ್ಕಬಳ್ಳಾಪುರದ ಸೈಬರ್ ಕೆಫೆಯ ಮೆಟ್ಟಿಲ ಮೇಲೆ ಕೂತು ನಾಲ್ವರೂ ಕತೆ ಕಟ್ಟಿದರು. ಎಷ್ಟೋ ವರ್ಷದ ಮೇಲೆ ಇವನು ದುಡ್ಡು ಕೊಟ್ಟು ಅಸಲಿ ಪ್ರತಿ ತರಿಸಿಕೊಂಡು ಆಡಿ ಮುಗಿಸಿದ.

‘ಹೇಗಿತ್ತು?’ ಅಂದೆ.

‘ನಮ್ದೇ ಚೆನ್ನಾಗಿತ್ತು ಭಾವ.’

ಉಳಿದ ಮೂವರಲ್ಲಿ ಒಬ್ಬ ಹೂವಿನ ವ್ಯಾಪಾರ, ಒಬ್ಬ ದುಬೈ, ಇನ್ನೊಬ್ಬ ಮಕ್ಕಳ ಟ್ಯೂಷನ್ನಿಗೆ ಕಾರು ಓಡಿಸುತ್ತಾನೆ. ಯಾರೂ ಆಡುವುದಿಲ್ಲ, ಆಡು ಎಂದರೆ ನಗುವ ಚಿತ್ರ ಕಳಿಸುತ್ತಾರೆ. 2023ರಲ್ಲಿ ಅದೇ ಸರಣಿಯ ಮೂರನೆಯದು ವರ್ಷದ ಗೇಮ್ ಪ್ರಶಸ್ತಿ ಗೆದ್ದು ಲೋಕವೆಲ್ಲ ಕೊಂಡಾಡುವಾಗ ಇವನು ಮುಖ ಊದಿಸಿಕೊಂಡೇ ಓಡಾಡಿದ. ‘ಈಗ ಬಂದ್ರು ನೋಡಿ ಎಲ್ಲಾ.’ ಆವಾಗ ನನಗೆ ನಗು ಬಂದಿತ್ತು. ಇವನು ಹುಡುಕುತ್ತಿರುವುದು ಗೇಮ್ ಆಡುವವರನ್ನಲ್ಲ, ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರುವವರನ್ನು ಎಂದು ನನಗೆ ತಿಳಿದದ್ದು ಆ ಗೋಡೆಯ ಮೇಲೆ. ಏನಾದರೂ ಹಿತವಾಗಿ ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, ‘ಇಳಿದ್ಮೇಲೆ ನಿಮಗೊಂದು 2001ರ ಗೇಮ್ ಹಾಕ್ಕೊಡ್ತೀನಿ’ ಅಂದ. ಕರುಣೆ ಅಲ್ಲಿಗೆ ಇಂಗಿತು.

ಇಂಥವರು ನಿಮಗೂ ಗಂಟುಬಿದ್ದು ‘ಯಾವ ಗೇಮ್ ಆಡ್ತೀರ?’ ಎಂದು ಕೇಳಿದರೆ ಕ್ಯಾಂಡಿ ಕ್ರಷ್ ಅನ್ನಬೇಡಿ. ಕಂಪ್ಯೂಟರಿನ ಇಸ್ಪೀಟು ಎಂದೂ ಅನ್ನಬೇಡಿ. 1990ರ ವಿಂಡೋಸ್ 3.0ರಲ್ಲಿ ಇದ್ದದ್ದೇ ಅಸಲಿ ಎಂದು ಅಲ್ಲಿಂದ ಶುರು ಮಾಡುತ್ತಾರೆ. ಚೌಕಾಬಾರ ಅನ್ನಿ. ಅದಕ್ಕೆ ಇನ್ನೂ ಪ್ಯಾಚು ಬಂದಿಲ್ಲ.