ಕಂಡೀಷನ್ ಕಾಕಾ

ಕಂಡೀಷನ್ ಕಾಕಾನ ಕೈಗೆ ಹಳೆಯ ವಿಡಿಯೋ ಗೇಮ್ ಡಿಸ್ಕ್ ಕೊಟ್ಟರೆ ಅವನು ಮೊದಲು ಅದನ್ನು ನೋಡುವುದಿಲ್ಲ, ಮೂಸುತ್ತಾನೆ. ಗೆರೆ ಬಿದ್ದ ಡಿಸ್ಕಿಗೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಿದರೆ ಗೆರೆ ಮಾಯವಾಗುತ್ತದೆಂದು ನಮ್ಮ ಹುಡುಗರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಯ ಹುಡುಗನೇ ಆಗಲಿ, ಮಾರುವ ಹಿಂದಿನ ರಾತ್ರಿ ಕದ್ದು ಈ ಸೇವೆ ಮಾಡಿಯೇ ಬರುತ್ತಾನೆ. ಕಾಕಾನ ಮೂಗಿನ ಮುಂದೆ ಅದು ನಡೆಯುವುದಿಲ್ಲ. "ಮುಂಜಾನೆ ಎದ್ದು ನಿನ್ನ ಹಲ್ಲ ತಿಕ್ಕಿಲ್ಲ, ಡಿಸ್ಕಿಂದು ತಿಕ್ಕಿಕೊಂಡು ಬಂದೀಯಲ್ಲೋ ತಮ್ಮಾ!" ಎನ್ನುತ್ತಾನೆ. ಅಲ್ಲಿಗೆ ಇಪ್ಪತ್ತು ರೂಪಾಯಿ ಇಳಿಯಿತು.

ಹೊರಗಿನವರಿಗೆ ಮುರಗೋಡ ಎಂದರೆ ಮಹಾಂತಜ್ಜನ ಮಠ, ಚಿದಂಬರೇಶ್ವರನ ಗುಡಿ. ಸುತ್ತಲ ಹುಡುಗರಿಗೆ ಮಾತ್ರ ಕಾಕಾನ ಟೇಬಲ್ಲು. ಹೆಸರಿಗೆ ಅದು ಮೊಬೈಲ್ ರಿಪೇರಿ ಅಂಗಡಿ. ಮೇಲೆ ಚಾರ್ಜರು, ಇಯರ್‌ಫೋನು, ಒಡೆದ ಸ್ಕ್ರೀನಿನ ಫೋನುಗಳು. ಕೆಳಗೆ, ಬೆಳಕು ಬೀಳದ ಕಡೆ, ಹಳೆಯ ಗೇಮುಗಳ ಖಜಾನೆ. ಹಳೆಯದನ್ನು ಕೊಟ್ಟು ಮೇಲೆ ಒಂದಿಷ್ಟು ಹಾಕಿದರೆ ಬೇರೊಂದು ಸಿಗುತ್ತದೆ. ಎಷ್ಟು ಹಾಕಬೇಕೆಂಬುದು ಕಂಡೀಷನ್ ಮೇಲೆ. ಊರಿಗೆಲ್ಲ ಅವನು ಕಾಕಾ. ವಯಸ್ಸಿನಲ್ಲಿ ಅವನಿಗಿಂತ ದೊಡ್ಡವರಿಗೂ ಕಾಕಾನೇ.

ಈ ವಿದ್ಯೆ ಅವನಿಗೆ ರಕ್ತದಲ್ಲಿ ಬಂದದ್ದು. ಅವನ ಅಪ್ಪ ದನದ ಪೇಟೆಯಲ್ಲಿ ಹೆಸರುವಾಸಿ ದಲಾಲಿ. ಎತ್ತಿನ ತುಟಿ ಎತ್ತಿ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ವಲ್ಲಿಯ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಿದ್ದರಂತೆ. ಬಾಯಿಗೂಡಿದ ಎತ್ತನ್ನು ನಾಲ್ಕು ಹಲ್ಲಿನದೆಂದು ಅವರಿಗೆ ದಾಟಿಸಿದವರಿಲ್ಲ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಮಗ ಬೆರಳು ಹಿಡಿಯುವುದನ್ನು ಬಿಟ್ಟ, ಬಾಯಿ ನೋಡುವುದನ್ನು ಬಿಡಲಿಲ್ಲ.

ಮೂಸಿದ ಮೇಲೆ ನೋಟ. ನಡುವಿನ ತೂತಿಗೆ ತೋರುಬೆರಳು, ಅಂಚಿಗೆ ಹೆಬ್ಬೆರಳು. ಹೊಳೆಯುವ ಮೈಗೆ ಬೆರಳು ತಾಗಕೂಡದು. ಬಾಗಿಲ ಬಿಸಿಲಿಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಾನೆ. ನಡುವಿನಿಂದ ಅಂಚಿಗೆ ಹೋದ ಗೆರೆಯನ್ನು ಕ್ಷಮಿಸುತ್ತಾನೆ. ತೂತಿನ ಸುತ್ತ ಗುಂಡಗೆ ಬಿದ್ದ ಗೆರೆಗೆ ಕ್ಷಮೆಯಿಲ್ಲ. ಇದರಲ್ಲಿ ನ್ಯಾಯವಿದೆ. ಡಿಸ್ಕಿನ ಮಾಹಿತಿಯೆಲ್ಲ ಸುರುಳಿ ಸುತ್ತಿ ಬರೆದಿರುತ್ತದೆ. ಅಡ್ಡ ಗೆರೆ ಆ ಸುರುಳಿಯನ್ನು ಅಲ್ಲಲ್ಲಿ ಚೂರೇ ಕತ್ತರಿಸುತ್ತದೆ, ಅಷ್ಟನ್ನು ಯಂತ್ರ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಗುಂಡು ಗೆರೆ ಸುರುಳಿಯ ಜೊತೆಜೊತೆಗೇ ಓಡಿ ಉದ್ದಕ್ಕೂ ನುಂಗಿಬಿಡುತ್ತದೆ. ಡಿಸ್ಕನ್ನು ಗುಂಡಗೆ ತಿಕ್ಕಬಾರದು, ನಡುವಿನಿಂದ ಹೊರಕ್ಕೆ ಒರೆಸಬೇಕು ಎನ್ನುವುದು ಇದಕ್ಕೇ. ಸಿ.ಡಿ.ಯಾದರೆ ಹೊರಳಿಸಿ ಚಿತ್ರದ ಬದಿಯನ್ನೂ ಪರೀಕ್ಷಿಸುತ್ತಾನೆ, ಸಿ.ಡಿ.ಯ ಜೀವ ಲೇಬಲ್ಲಿನ ಕೆಳಗೇ ಇರುವುದರಿಂದ ಆ ಕಡೆ ಬ್ಲೇಡು ತಾಗಿದರೆ ಕಥೆ ಮುಗಿದಂತೆ. ಡಿ.ವಿ.ಡಿ.ಯ ಜೀವ 0.6 ಮಿ.ಮೀ. ದಪ್ಪದ ಎರಡು ಪದರಗಳ ನಡುವೆ. ಬ್ಲೂ-ರೇಯದು ಮೇಲ್ಮೈಯಿಂದ ಬರೀ 0.1 ಮಿ.ಮೀ. ಒಳಗೆ, ಹೀಗಾಗಿ ಅದಕ್ಕೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಇದನ್ನೆಲ್ಲ ನನಗೆ ಹೇಳಿದವನು ಕಾಕಾನೇ. ಶಾಲೆಯಲ್ಲಿ ವಿಜ್ಞಾನದ ಮಾಸ್ತರರಿಗೆ ಅವನು ಕೊಟ್ಟ ಕಾಟ ಇನ್ನೂ ಊರವರ ಬಾಯಲ್ಲಿದೆ.

ಆದರೆ ಕಂಡೀಷನ್ ಅವನಿಗೆ ಅರ್ಧ ಧರ್ಮ ಮಾತ್ರ. ಇನ್ನರ್ಧ, 'ಪೂರ್ತಿ ಐತೇನು?'

ತೊಂಬತ್ತರ ದಶಕದ 'ಕ್ಯಾಸೆಟ್' ಗೇಮು ನೆನಪಿರುವವರಿಗೆ ಇದರ ಕಷ್ಟ ಗೊತ್ತು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು ನಮ್ಮ ಊರುಗಳಿಗೆ ಬಂದಾಗ ಜೊತೆಗೆ ಬಂದ ಕ್ಯಾಸೆಟ್ಟುಗಳ ಮೇಲೆ 9999999 ಆಟ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇದ್ದದ್ದು ಬೆರಳೆಣಿಕೆಯ ಆಟಗಳು. ಅವೇ ಹೆಸರು ಬದಲಿಸಿ, ಮೂರನೇ ಹಂತದಿಂದಲೋ ಐದನೇ ಹಂತದಿಂದಲೋ ಶುರುವಾಗಿ, ಮತ್ತೆ ಮತ್ತೆ ಬರುತ್ತಿದ್ದವು. ಕ್ಯಾಸೆಟ್ ನಡೆಯದಿದ್ದರೆ ಹಿಂದಿನಿಂದ ಫೂ ಎಂದು ಊದುವುದು ಅಂದಿನ ಸರ್ವರೋಗಕ್ಕೂ ಮದ್ದು. ಬಾಯಿಯ ತೇವಕ್ಕೆ ಪಿನ್ನುಗಳು ಹಾಳಾಗುತ್ತವೆ, ಊದಬೇಡಿ ಎಂದು ನಿಂಟೆಂಡೋದವರೇ ಹೇಳಿದ್ದರು. ಆ ಮಾತು ಮುರಗೋಡ ಮುಟ್ಟಲಿಲ್ಲ. ಕಾಕಾ ಊದುವುದಿಲ್ಲ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಿನ್ನು ತಿಕ್ಕುತ್ತಾನೆ. ಅಂಥದೊಂದು ಕ್ಯಾಸೆಟ್ ಹಿಡಿದುಕೊಂಡು ಬಂದ ಯರಗಟ್ಟಿಯ ಹುಡುಗನಿಗೆ ಅವನು ಕೇಳಿದ ಪ್ರಶ್ನೆ ಇದು: "ಕೋಟಿಗೆ ಒಂದ ಕಮ್ಮಿ ಐತಲ್ಲೋ. ಆ ಒಂದ ಆಟ ಎಲ್ಲಿ ಹೋತು?" ಹುಡುಗ ನಗಲಿಲ್ಲ. ಕಾಕಾನೂ ನಗಲಿಲ್ಲ. ಐದು ರೂಪಾಯಿ ಕಡಿಮೆಯಾಯಿತು.

ಕಾಪಿ ಡಿಸ್ಕುಗಳಲ್ಲೂ ಅವನಿಗೆ ಜಾತಿಗಳಿವೆ. ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಯಂತ್ರದ ಕಾಲದಲ್ಲಿ ನಮ್ಮ ಕಡೆ ಓಡಾಡಿದ ಡಿಸ್ಕುಗಳಲ್ಲಿ ಬಹಳಷ್ಟು ಕಾಪಿಗಳೇ. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಿಂದ ಬಂದದ್ದು, ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಬಂದದ್ದು, ಊರಲ್ಲೇ ಯಾರೋ ಕಂಪ್ಯೂಟರಿನಲ್ಲಿ ಸುಟ್ಟದ್ದು, ಮೂರಕ್ಕೂ ಬೇರೆ ಬೇರೆ ದರ. ಕಾಪಿಗೆ ಜೆರಾಕ್ಸ್ ಕವರ್ ಇದ್ದರೆ ಒಂದು ದರ, ಕಲರ್ ಜೆರಾಕ್ಸ್ ಇದ್ದರೆ ಇನ್ನೊಂದು. "ಇದು ಒರಿಜಿನಲ್ ಕಾಪಿ ಐತ್ರಿ" ಎಂದು ಅವನು ಹೇಳುವಾಗ ಮುಖದಲ್ಲಿ ಎಳ್ಳಷ್ಟೂ ನಗೆ ಇರುವುದಿಲ್ಲ.

ಈಗ ನನ್ನ ಪಾಲಿನ ಪ್ರಸಂಗಕ್ಕೆ ಬರುತ್ತೇನೆ. ಇದನ್ನು ಹೇಳಬಾರದೆಂದುಕೊಂಡೇ ಬರೆಯಲು ಕೂತೆ, ಆದರೆ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ.

ಮಗ ನೌಕರಿಗೆಂದು ಪುಣೆಗೆ ಹೋದ ಮೇಲೆ ಅವನ ಗೇಮುಗಳನ್ನು ಕೊಟ್ಟು ತಮ್ಮನ ಮಗನಿಗೆ ಬೇರೆ ಯಾವುದಾದರೂ ತರೋಣವೆಂದು ಹೊರಟೆ. ಅದರಲ್ಲಿ 'ದೇಸಿ ಅಡ್ಡಾ' ಎಂಬ ಒರಿಜಿನಲ್ ಡಿಸ್ಕೂ ಇತ್ತು. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ ಪ್ಲೇಸ್ಟೇಷನ್ 2ಕ್ಕೆಂದು ಮಾಡಿದ ನಮ್ಮ ನಾಡಿನ ಆಟಗಳ ಗೇಮು: ಕಬಡ್ಡಿ, ನಮ್ಮ ಕಡೆ ಚಿಣಿಫಣಿ ಎನ್ನುವ ಚಿನ್ನಿದಾಂಡು, ಗಾಳಿಪಟ. ಕಾಕಾ ಮೂಸಿದ, ನೋಡಿದ, ತಲೆಯಾಡಿಸಿದ. ಡಿಸ್ಕಿನ ಮೇಲೆ ಗೆರೆಯಿಲ್ಲ. ಡಬ್ಬಿ ತೆರೆದ. ಮುಖ ಸಣ್ಣದಾಯಿತು.

"ಬುಕ್ ಎಲ್ಲೈತ್ರಿ ಸರ?"

"ಯಾವ ಬುಕ್ಕೋ ಕಾಕಾ?"

"ಡಬ್ಬಿಯೊಳಗ ಎಡಕ್ಕ ಕ್ಲಿಪ್ ಅದಾವ ನೋಡ್ರಿ. ಕಂಪನಿಯವರು ಕ್ಲಿಪ್ ಸುಮ್ಮಸುಮ್ಮನ ಇಡಾಂಗಿಲ್ಲ. ಅಲ್ಲಿ ಬುಕ್ ಇರಬೇಕು."

"ಅದರಾಗ ಏನಿರತೈತಿ?"

"ಆಟ ಹೆಂಗ ಆಡೂದು ಅಂತ ಇರತೈತ್ರಿ."

"ಅಲ್ಲೋ ಕಾಕಾ, ಕಬಡ್ಡಿ, ಚಿಣಿಫಣಿ ಆಡೂದು ಹೆಂಗ ಅಂತ ಮುರಗೋಡದಾಗ ಪುಸ್ತಕ ಓದಿ ಕಲೀಬೇಕೇನು?"

"ಆಡಾಕಲ್ರಿ ಸರ, ಮಾರಾಕ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯ ಎದುರಿನ ಓಣಿಯಲ್ಲಿ ಹುಡುಗರು ನಿಜವಾದ ಚಿಣಿಫಣಿ ಆಡುತ್ತಿದ್ದರು. ಜಾಲಿಯ ತುಂಡು, ಡಬ್ಬಿಯಿಲ್ಲ, ಬುಕ್ಕಿಲ್ಲ, ಬಿಲ್ಲಿಲ್ಲ. ಚಿಣಿ ಹಾರಿ ಬಂದು ಕಾಕಾನ ಬಾಗಿಲಿಗೆ ಬಡಿಯಿತು. ಅವನು ಅದನ್ನು ಎತ್ತಿ, ಎರಡೂ ತುದಿ ತಿರುಗಿಸಿ ನೋಡಿ, "ಒಂದ ಕಡೆ ಸವದೈತಿ" ಎಂದು ಹೇಳಿ ಹುಡುಗನಿಗೆ ಕೊಟ್ಟ.

ಬುಕ್ಕಿಗೆ ಐವತ್ತು ಹಿಡಿದ. ಕವರ್ ಬಿಸಿಲಿಗೆ ಬಣ್ಣ ಬಿಟ್ಟದ್ದಕ್ಕೆ ಹತ್ತು. ಡಿಸ್ಕ್ ಕೂರುವ ನಡುವಿನ ಗುಂಡಿಗೆ ಪುಟ್ಟ ಹಲ್ಲುಗಳಿರುತ್ತವೆ, ಅವುಗಳಲ್ಲಿ ಒಂದು ಮುರಿದಿತ್ತು. "ಹಲ್ಲ ಬಿದ್ದೈತ್ರಿ" ಎಂದಾಗ ಅವನ ದನಿ ಥೇಟ್ ದನದ ಪೇಟೆಯದು. ಇನ್ನೊಂದು ಹತ್ತು ಹೋಯಿತು.

ಐವತ್ತು ರೂಪಾಯಿ ದೊಡ್ಡದಲ್ಲ. ಆದರೆ 'ಪೂರ್ತಿ ಇಲ್ಲ' ಎಂಬ ಮಾತು ಮನುಷ್ಯನನ್ನು ಕಾಡುತ್ತದೆ. ಮನೆಗೆ ಬಂದು ಅಟ್ಟ ಹತ್ತಿದೆ. ಸತ್ತು ವರ್ಷಗಳಾದ ಮಿಕ್ಸರಿನ ಗ್ಯಾರಂಟಿ ಕಾರ್ಡ್ ಸಿಕ್ಕಿತು, ಮಗನ ಪೋಲಿಯೋ ಕಾರ್ಡ್ ಸಿಕ್ಕಿತು, ಯಾರದೋ ಮದುವೆಯ ಕರೆಯೋಲೆ ಸಿಕ್ಕಿತು. ಬುಕ್ ಇಲ್ಲ. ಕೆಳಗೆ ನಿಂತ ಹೆಂಡತಿ, "ಮನೀ ಉತಾರ ಹುಡುಕ್ರಿ ಅಂದ್ರ ಸೊಂಟ ನೋವು, ಗೇಮಿನ ಪುಸ್ತಕಕ್ಕ ಅಟ್ಟ ಹತ್ತೀರಿ" ಎಂದಳು. ಕೊನೆಗೆ ಪುಣೆಗೆ ಫೋನ್ ಮಾಡಿದೆ. ಮಗ ಬಹಳ ಹೊತ್ತು ನಕ್ಕ. ಆ ಬುಕ್ಕಿನ ಹಾಳೆಗಳನ್ನು ಹರಿದು ಅವನು ಗಾಳಿಪಟಕ್ಕೆ ಬಾಲಂಗೋಚಿ ಮಾಡಿದ್ದನಂತೆ. ಗಾಳಿಪಟ ಹಾರಿಸುವುದನ್ನು ಹೇಳಿಕೊಡುವ ಪುಸ್ತಕ ಅದಕ್ಕಿಂತ ಹೆಚ್ಚು ಏನು ಮಾಡಬೇಕು? ಕಾಕಾನಿಗೆ ಹೋಗಿ ಹೇಳಿದೆ. ಅವನು ಗಂಭೀರವಾಗಿ ಕೇಳಿ, "ಗಾಳಿಪಟ ಐತೇನ್ರಿ?" ಎಂದ.

ಅವನ ಉಳಿದ ಲಕ್ಷಣಗಳು ನೀವೂ ಕಂಡವೇ. ಸ್ಕೂಟರ್ ತಂದು ವರ್ಷಗಳಾದರೂ ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ. ಬೇಸಿಗೆಯಲ್ಲಿ ಕಾಕಾ ಇಳಿದಾಗ ಅದು ಅರ್ಧ ಅವನ ಜೊತೆಗೇ ಏಳುತ್ತದೆ. ಟಿ.ವಿ. ರಿಮೋಟಿಗೆ ಕವರ್, ಆ ಕವರಿಗೆ ಮತ್ತೊಂದು ಕವರ್. ಫ್ರಿಜ್ಜಿನ ಥರ್ಮಾಕೋಲು ಮಂಚದ ಕೆಳಗೆ. ಬೀಗರ ಮನೆಗೆ ಹೋದರೆ ಉಡುಗೊರೆಯ ಡಬ್ಬಿಯ ಸೀಲನ್ನು ಉಗುರಿನಿಂದ ಮುಟ್ಟಿ ನೋಡದೆ ಊಟಕ್ಕೆ ಕೂರುವವನಲ್ಲ.

ಅವನಿಗೆ ಈ ಹುಚ್ಚಿನಲ್ಲಿ ಅಮೆರಿಕದ ಬೆಂಬಲವೂ ಇದೆ. 2021ರ ಜುಲೈಯಲ್ಲಿ ಅಲ್ಲಿನ ಹರಾಜಿನಲ್ಲಿ ಸೀಲು ಒಡೆಯದ 'ಸೂಪರ್ ಮಾರಿಯೋ 64' ಗೇಮು 15 ಲಕ್ಷ 60 ಸಾವಿರ ಡಾಲರಿಗೆ, ನಮ್ಮ ಲೆಕ್ಕದಲ್ಲಿ ಹನ್ನೊಂದು ಕೋಟಿ ದಾಟಿದ ದರಕ್ಕೆ, ಹೋಯಿತು. ಕಂಡೀಷನ್ನಿಗೆ ಹತ್ತಕ್ಕೆ 9.8 ಅಂಕ. ಅಂಕ ಕೊಡಲೆಂದೇ ಅಲ್ಲಿ ಕಂಪನಿಗಳಿವೆ, ಅಂಕ ಕೊಟ್ಟ ಮೇಲೆ ಗೇಮನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಬಿಡುತ್ತಾರೆ. "ನೋಡ್ರಿ ಸರ, 1996ರ ಮಾಲು. ಒಮ್ಮೀನೂ ಆಡಿಲ್ಲ. ಅದಕ್ಕ ಆ ರೇಟು" ಎಂದು ಕಾಕಾ ಹೇಳಿದಾಗ ನನಗೆ ಹೊಳೆಯಿತು: ಇವನ ತಕ್ಕಡಿಯಲ್ಲಿ ಆಡದವನೇ ಗೆದ್ದವನು. ಹೆಚ್ಚು ಆಡಿದವನ ಡಿಸ್ಕಿಗೆ ಹೆಚ್ಚು ಗೆರೆ, ಹೆಚ್ಚು ಖುಷಿಪಟ್ಟವನ ರಿಮೋಟಿನ ಗುಂಡಿಗೆ ಹೆಚ್ಚು ಸವೆತ, ಎಲ್ಲಕ್ಕೂ ದಂಡ. ಕಾಕಾ ಸ್ವತಃ ಒಂದು ಗೇಮನ್ನೂ ಆಡುವುದಿಲ್ಲ. ನಡೆಯುತ್ತದೋ ಇಲ್ಲವೋ ಎಂದು ಹಾಕಿ, ಮೊದಲ ಪರದೆ ಬಂದೊಡನೆ ತೆಗೆದುಬಿಡುತ್ತಾನೆ.

ಹೀಗೆಂದು ಅವನನ್ನು ಒಣ ಮನುಷ್ಯನೆಂದು ಬರೆದು ಮುಗಿಸುವವನಿದ್ದೆ. ಅಷ್ಟರಲ್ಲಿ ಮೆಮೊರಿ ಕಾರ್ಡುಗಳ ಡಬ್ಬಿ ಕಣ್ಣಿಗೆ ಬಿತ್ತು. ಪ್ಲೇಸ್ಟೇಷನ್ 2ರಲ್ಲಿ ಆಟ ಎಲ್ಲಿಯವರೆಗೆ ಬಂತೆಂಬುದು 8 ಎಂ.ಬಿ.ಯ ಬೆರಳುದ್ದದ ಕಾರ್ಡಿನಲ್ಲಿ ಉಳಿಯುತ್ತಿತ್ತು. ಬಳಸಿದ ಕಾರ್ಡನ್ನು ಅಳಿಸಿ ಮಾರುವುದು ವ್ಯಾಪಾರದ ನಿಯಮ. ಈ ಡಬ್ಬಿಯಲ್ಲಿದ್ದವನ್ನು ಮಾತ್ರ ಕಾಕಾ ಅಳಿಸಿರಲಿಲ್ಲ, ಮಾರಿಯೂ ಇರಲಿಲ್ಲ. ಕೇಳಿದೆ. ಒಂದನ್ನು ಹಾಕಿ ತೋರಿಸಿದ: ರಾಮದುರ್ಗದ ಯಾವನೋ ಹುಡುಗನ 'ಸ್ಯಾನ್ ಆಂಡ್ರಿಯಾಸ್', ನೂರಕ್ಕೆ ನೂರು ಮುಗಿದಿತ್ತು. "ಎರಡ ಬ್ಯಾಸಗಿ ಸೂಟಿ ಹಾಕ್ಯಾನಂತ್ರಿ ಇದಕ್ಕ. ಅವರಪ್ಪ ಸಾಲಕ್ಕ ಮಷಿನ್ ಸಮೇತ ತಂದ ಕೊಟ್ಟ. ಅಳಸಾಕ ಕೈ ಬರವಲ್ದು. ಇದು ಪೂರ್ತಿ ಐತ್ರಿ" ಎಂದ. ಹುಡುಗ ಎಂದಾದರೂ ಬಂದರೆ ಕೊಡುವನಂತೆ, ದುಡ್ಡಿಲ್ಲದೆ.

ಇನ್ನೊಂದು ಮಾತನ್ನೂ ಅವನ ಪರವಾಗಿ ಹೇಳಬೇಕು. ನನ್ನಿಂದ ಹಿಡಿದ ಎಪ್ಪತ್ತು ರೂಪಾಯಿಯ ಕುಂದುಗಳನ್ನೆಲ್ಲ ಅವನು ಡಬ್ಬಿಯ ಮೇಲೆ ಚೀಟಿ ಬರೆದು ಅಂಟಿಸಿದ: ಬುಕ್ ಇಲ್ಲ, ಕವರ್ ಬಣ್ಣ ಬಿಟ್ಟೈತಿ, ಒಂದು ಹಲ್ಲಿಲ್ಲ. ಕೊಳ್ಳುವವನಿಗೂ ಅಷ್ಟೇ ಇಳಿಸಿ ಹೇಳುತ್ತಾನೆ. ಕೊಳ್ಳುವಾಗ ಕಂಡ ಗೆರೆ ಮಾರುವಾಗ ಮರೆತುಹೋಗದ ವ್ಯಾಪಾರಿಗಳು ನಮ್ಮಲ್ಲಿ ಎಷ್ಟು ಮಂದಿ? ಹೊಲ, ಮನೆ, ಹಳೆಯ ಕಾರು, ವರ... ಇರಲಿ, ನಾನು ಉಪದೇಶಕ್ಕೆ ಇಳಿಯುತ್ತಿದ್ದೇನೆ.

ಅವನ ವಿದ್ಯೆಗೆ ಈಗ ಕೆಟ್ಟ ಕಾಲ. 2013ರಲ್ಲಿ ಮೈಕ್ರೋಸಾಫ್ಟ್‌ನವರು ತಮ್ಮ ಹೊಸ ಎಕ್ಸ್‌ಬಾಕ್ಸಿನಲ್ಲಿ ಹಳೆಯ ಡಿಸ್ಕುಗಳ ಕೈಬದಲಿಗೆ ಕಟ್ಟುಪಾಡು ಹಾಕಲು ಹೋಗಿ, ಜನ ರೊಚ್ಚಿಗೆದ್ದದ್ದನ್ನು ಕಂಡು ಜೂನ್ ಮುಗಿಯುವುದರೊಳಗೆ ಹಿಂದೆ ಸರಿದರು. ಸೋನಿಯವರು ಅದೇ ಹೊತ್ತಿಗೆ, ಗೇಮು ಹಂಚಿಕೊಳ್ಳುವುದು ಹೇಗೆಂದು ಒಂದು ಪುಟ್ಟ ವಿಡಿಯೋ ಬಿಟ್ಟರು. ಅದರಲ್ಲಿ ಒಬ್ಬ ಡಬ್ಬಿಯನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ, ಇವನು ಥ್ಯಾಂಕ್ಸ್ ಎನ್ನುತ್ತಾನೆ, ಮುಗಿಯಿತು. ಕಾಕಾನಿಗೆ ಅದು ಅಪೂರ್ಣವೆನಿಸಿತು. ಇಸಿದುಕೊಂಡವನು ಡಬ್ಬಿ ತೆರೆದೇ ನೋಡಲಿಲ್ಲವಲ್ಲ! ಅದೇ ಸೋನಿ 2020ರಲ್ಲಿ ಡಿಸ್ಕ್ ಹಾಕುವ ಸೀಳೇ ಇಲ್ಲದ ಪ್ಲೇಸ್ಟೇಷನ್ 5 ಮಾದರಿಯನ್ನೂ ತಂದಿತು. ಆಟ ಇಂಟರ್ನೆಟ್ಟಿನಿಂದ ಇಳಿಯುತ್ತದೆ, ಕೊಂಡವನ ಖಾತೆಯಲ್ಲೇ ಇರುತ್ತದೆ, ಮಾರುವಂತಿಲ್ಲ. ಬೆಂಗಳೂರಿನಿಂದ ಸೂಟಿಗೆ ಬಂದ ಹುಡುಗನೊಬ್ಬ ಅಂಥದನ್ನು ತೋರಿಸಿದಾಗ ಕಾಕಾ ಯಂತ್ರವನ್ನು ಸುತ್ತಲೂ ತಡವಿ ನೋಡಿ, "ಇದರಾಗ ಏನ ಮೂಸಬೇಕೋ ಯಪ್ಪಾ?" ಎಂದನಂತೆ.

ಸದ್ಯಕ್ಕೆ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಪ್ಲೇಸ್ಟೇಷನ್ 2ರ 'ದೇಸಿ ಅಡ್ಡಾ' ಬುಕ್ ಇದ್ದರೆ ಮುರಗೋಡಕ್ಕೆ ಬಂದಾಗ ಮರೆಯದೆ ತನ್ನಿ. ಕಾಕಾ ನನ್ನ ಐವತ್ತು ರೂಪಾಯಿಯನ್ನು ಡೈರಿಯಲ್ಲಿ ಬಾಕಿ ಎಂದೇ ಬರೆದಿಟ್ಟಿದ್ದಾನೆ. ಸ್ಟೇಪಲ್ ಪಿನ್ನಿಗೆ ತುಕ್ಕು ಹಿಡಿದಿದ್ದರೆ ನಲವತ್ತು.