ಮುಂದಕ್ಕೆ ಬಿಟ್ಟ ಸರಳು

ರಜೆಗೆ ಗುಡೂರಿಗೆ ಹೋದಾಗಲೆಲ್ಲ ನನ್ನ ಮೊದಲ ವೈವಾ ನಡೆಯುವುದು ಚಹಾದಂಗಡಿಯಲ್ಲಿ.

‘ಏನ್ ಓದಾಕತ್ತೀಯೋ ತಮ್ಮಾ?’

‘ಆರ್ಕಿಟೆಕ್ಚರ್, ಕಾಕಾ.’

‘ಅಂದ್ರ ಇಂಜಿನಿಯರು.’

‘ಅಲ್ರೀ.’

‘ಮತ್ತ ಗೌಂಡಿ?’

‘ಅದೂ ಅಲ್ರೀ.’

ಕಾಕಾ ಬಶಿಗೆ ಚಹಾ ಸುರುವಿಕೊಂಡು ಊದಿ ಊದಿ ಕುಡಿದು, ‘ಇಂಜಿನಿಯರಾಗಾಕ ನಾಕು ವರ್ಷ. ಗೌಂಡಿ ಆಗಾಕ ಎರಡು ಸಾಕು. ಎರಡೂ ಆಗದಿರಾಕ ನಿನಗ ಐದು ವರ್ಷ ಯಾಕ ಬೇಕು?’ ಎಂದರು. ಕಾಲೇಜಿನಲ್ಲಿ ಯಾವ ಜ್ಯೂರಿಯೂ ನನ್ನನ್ನು ಇಷ್ಟು ಚೊಕ್ಕವಾಗಿ ಕೆಡವಿದ್ದಿಲ್ಲ.

ಈ ಐದು ವರ್ಷದ ಓದಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಹಾಸ್ಟೆಲಿನಲ್ಲಿ ರಾತ್ರಿ ಮೂರಕ್ಕೆ ಚರ್ಚೆಯಾಗುತ್ತದೆ. ಕೈಯಲ್ಲಿ ಫೆವಿಕಾಲ್, ಕಣ್ಣಲ್ಲಿ ನಿದ್ದೆ. ಒಬ್ಬ ಯೂಟ್ಯೂಬ್ ಭಾಷಣ ಕೇಳುತ್ತಾನೆ, ಇನ್ನೊಬ್ಬ ಗೋಡೆಗೆ ಚೀಟಿ ಅಂಟಿಸುತ್ತಾನೆ. ನನಗೆ ಆ ತಾಪತ್ರಯವಿಲ್ಲ. ನಮ್ಮ ಮನೆಯ ಮಾಳಿಗೆ ನೆನೆದರೆ ಸಾಕು.

ನಾನು ಎರಡನೇತ್ತೆಯಲ್ಲಿದ್ದಾಗ ಅಪ್ಪ ಹಳೆಯ ಮೇಲ್ಮುದ್ದಿ ಕೆಡವಿ ಸ್ಲ್ಯಾಬ್ ಹಾಕಿಸಿದ. ಎಂಟು ಕಾಲಮ್ಮು, ಒಂದೊಂದರಿಂದ ನಾಲ್ಕು ನಾಲ್ಕು ಸರಳು ಮೇಲೆ ಚಾಚಿಕೊಂಡಿವೆ. ಒಟ್ಟು ಮೂವತ್ತೆರಡು, ಬಾಯೊಳಗಿನ ಹಲ್ಲಿನಷ್ಟು. ಮಳೆಗೆ ತುಕ್ಕು ಹಿಡಿಯದಿರಲೆಂದು ಅವ್ವ ಕೆಲವಕ್ಕೆ ನೀರಿನ ಬಾಟಲಿ ಬೋರಲು ಹಾಕಿದಳು. ತುಕ್ಕು ಬಾಟಲಿಯೊಳಗೇ ಹಿಡಿಯಿತು. ‘ಇವ್ಯಾಕ ಕತ್ತರಿಸಿಲ್ಲ?’ ಎಂದು ಕೇಳಿದರೆ ಅಪ್ಪ ‘ಮುಂದ ಮ್ಯಾಲೆ ಕಟ್ಟಾಕ’ ಎಂದ. ಮುಂದೆ ಅಂದರೆ ನಾನು ದೊಡ್ಡವನಾದ ಮೇಲೆ. ಅಂದಿನಿಂದ ಗಣಿತದಲ್ಲಿ ಅಂಕ ಕಡಿಮೆ ಬಂದರೆ ಅಪ್ಪ ಬೈಯುವುದಿಲ್ಲ. ಒಂದು ಸಲ ಮಾಳಿಗೆಯ ಕಡೆ ನೋಡುತ್ತಾನೆ, ಅಷ್ಟೇ. ಮೂವತ್ತೆರಡು ಸರಳು ನನ್ನನ್ನೇ ನೋಡಿದಂತಾಗುತ್ತದೆ.

ಸರಳು ಬಿಡುವುದು ನಮ್ಮ ಮನೆಯೊಂದರ ಚಾಳಿಯಲ್ಲ. ಬಾಗಲಕೋಟೆಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿ, ಊರೂರಿನ ಮಾಳಿಗೆಗಳೂ ಕೂದಲು ನಿಗುರಿಸಿಕೊಂಡು ನಿಂತಿರುತ್ತವೆ.

ನಾಲ್ಕನೇ ವರ್ಷ ನಮಗೆ ಕೊಟ್ಟ ವಿಷಯ ‘ಭವಿಷ್ಯದ ಮನೆ’. ಮೇಷ್ಟ್ರು ಸ್ಲೈಡು ತೋರಿಸಿದರು. ಚಿಲಿ ದೇಶದ ಇಕಿಕೆ ಎಂಬಲ್ಲಿ ಅಲೆಹಾಂದ್ರೊ ಅರಾವೇನಾ ಸುಮಾರು ನೂರು ಬಡ ಕುಟುಂಬಗಳಿಗೆ ಅರ್ಧ ಮನೆ ಮಾತ್ರ ಕಟ್ಟಿಕೊಟ್ಟ. ಉಳಿದರ್ಧ ಖಾಲಿ, ದುಡ್ಡು ಬಂದಂತೆ ಅವರೇ ಕಟ್ಟಿಕೊಳ್ಳಬೇಕು. 2016ರಲ್ಲಿ ಅವನಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮ ಬಾಲಕೃಷ್ಣ ದೋಶಿಯವರು ಇಂದೋರಿನ ಅರಣ್ಯ ಬಡಾವಣೆಯಲ್ಲಿ ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಬಡವರಿಗೆ ನೆಲಗಟ್ಟು, ನೀರು, ಕಕ್ಕಸು ಒದಗಿಸಿ, ಮನೆ ಅದರ ಸುತ್ತ ಬೆಳೆಯಲಿ ಎಂದು ಬಿಟ್ಟಿದ್ದರು. ಅವರಿಗೆ 2018ರಲ್ಲಿ ಅದೇ ಪ್ರಶಸ್ತಿ. ಕ್ಲಾಸಿಗೆ ಕ್ಲಾಸೇ ಬೆರಗಾಯಿತು. ನಾನು ಸಂಜೆ ಫೋನು ಹಚ್ಚಿ ಅಪ್ಪನಿಗೆ ವಿವರಿಸಿದೆ. ಆ ಕಡೆ ಮಗ್ಗದ ಸದ್ದು ನಿಂತಿತು.

‘ಅರ್ಧಾ ಮನಿ ಕಟ್ಟಿದ್ದಕ್ಕ ಪ್ರಶಸ್ತಿ?’

‘ಹೌದಪ್ಪ.’

‘ನಾ ಕಟ್ಟಿ ಹದಿನಾಕು ವರ್ಷ ಆತು. ನಮ್ಮನಿ ಅಡ್ರೆಸ್ ಅವರಿಗೆ ಕೊಡು.’

ಸರಿ, ಆ ಮೇಲಿನ ಅರ್ಧವನ್ನೇ ಪ್ರಾಜೆಕ್ಟಾಗಿ ಹಾಕಿಕೊಂಡೆ. ಕಂಪ್ಯೂಟರಿನಲ್ಲಿ ಮೇಲಂತಸ್ತು ಎದ್ದಿತು. ಕೆಳಗೆ ಬದುಕು, ಮೇಲೆ ಕಸುಬು ಎಂಬುದು ನನ್ನ ಕಾನ್ಸೆಪ್ಟು. ಉತ್ತರದ ಬೆಳಕು ತಣ್ಣಗೆ ಬೀಳುವ ಕಡೆ ಅಪ್ಪನ ಮಗ್ಗ. ದೊಡ್ಡ ಕಿಟಕಿಯ ಪಕ್ಕ ಒಬ್ಬ ನೇಕಾರನನ್ನೂ ಕೂಡಿಸಿದೆ. ಕಂಪ್ಯೂಟರಿನಲ್ಲಿ ಸಿಕ್ಕವನು ಸೂಟು ಹಾಕಿದ್ದ, ಇರಲಿ. ಪ್ರಿಂಟು ತೆಗೆಸಿ ಊರಿಗೊಯ್ದು ಹರವಿದೆ. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

‘ಚಂದ ಐತಿ. ಕುಣಿ ಎಲ್ಲೈತಿ?’

ಅಪ್ಪನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ತಳದ ಹಲಗೆ ತುಳಿಯುತ್ತ ನೇಯಬೇಕು. ನಾನು ಆಡಿ ಬೆಳೆದದ್ದೇ ಆ ಕುಣಿಯ ಪಕ್ಕ, ಒಮ್ಮೆ ಅದರೊಳಗೆ ಬಿದ್ದು ಹಣೆಗೆ ಮೂರು ಹೊಲಿಗೆ ಹಾಕಿಸಿಕೊಂಡದ್ದೂ ಉಂಟು. ನಕ್ಷೆಯಲ್ಲಿ ಮಾತ್ರ ಅದು ಮರೆತೇಹೋಗಿತ್ತು.

‘ಮ್ಯಾಲಿನ ಸ್ಲ್ಯಾಬಿಗೆ ತೂತು ಹೊಡಿತೀಯೇನು? ಕೆಳಗ ಅಡಿಗಿಮನಿ ಐತಿ. ನಿಮ್ಮವ್ವ ರೊಟ್ಟಿ ಬಡಿಯುವಾಗ ಮ್ಯಾಲಿಂದ ನನ್ನ ಕಾಲು ಜೋತಾಡ್ತಾವು.’

ಅವ್ವ ಒಳಗಿನಿಂದ, ‘ಹಂಗರ ಕರದಾಗ ಕಾಲರ ಸಿಗ್ತಾವು’ ಎಂದಳು.

ಮುಖ ಸಣ್ಣದು ಮಾಡಿಕೊಂಡು ಮರುದಿನ ಬೈಕು ಹತ್ತಿ ಐಹೊಳೆಗೆ ಹೋದೆ. ಲಾಡ್‌ಖಾನ್ ಗುಡಿಯ ಚಾವಣಿ ನೋಡಿದರೆ ಈಗಲೂ ನಗು ಬರುತ್ತದೆ. ಇಳಿಜಾರು ಚಪ್ಪಡಿಗಳ ಸಂದಿನ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಕೂಡಿಸಿದ್ದಾರೆ, ಮರದ ತುಂಡು ಮಲಗಿಸಿದಂತೆ. ಕೈಯಲ್ಲಿ ಕಲ್ಲು, ತಲೆಯಲ್ಲಿ ಇನ್ನೂ ಕಟ್ಟಿಗೆ. ಹೊಸದಕ್ಕೆ ಕೈ ಹಾಕಿದವರೂ ಅಜ್ಜನ ಮನೆಯ ಮಾಡನ್ನು ಬಿಟ್ಟುಕೊಡಲಿಲ್ಲ. ಮುಂದೆ ಯಾರೋ ಸಂಸಾರ ಹೂಡಿ, ದೇವರ ಹೆಸರು ಹೋಗಿ ಬಿಡಾರ ಮಾಡಿದವನ ಹೆಸರೇ ಗುಡಿಗೆ ನಿಂತಿತು. ನಮ್ಮ ಕಾಲೇಜಿನಲ್ಲಿ ಇದನ್ನು ‘ಅಡಾಪ್ಟಿವ್ ರೀಯೂಸ್’ ಎಂದು ಒಂದು ಸೆಮಿಸ್ಟರ್ ಓದಿಸುತ್ತಾರೆ.

ಮೇಲೆ ಗುಡ್ಡದ ಮೇಗುಟಿ ಬಸದಿ ಪೂರ್ತಿಯಾಗಲಿಲ್ಲ ಎನ್ನುತ್ತಾರೆ. ಅದರ ಗೋಡೆಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯನ್ನು ಹೊಗಳಿ, ಬಸದಿ ಕಟ್ಟಿಸಿದ್ದನ್ನು ಹೇಳಿ, ಕೊನೆಗೆ ತಾನು ಕಾಳಿದಾಸ, ಭಾರವಿಗೆ ಸಮನೆಂದೂ ಸೇರಿಸಿದ್ದಾನೆ. ಕೆಲಸ ಇನ್ನೂ ಬಾಕಿ, ಪೋರ್ಟ್‌ಫೋಲಿಯೋ ಮಾತ್ರ ಸಿದ್ಧ! ಇವನೂ ನಮ್ಮ ಬ್ಯಾಚಿನವನೇ ಅನ್ನಿಸಿ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು.

ನಕ್ಷೆ ತಿದ್ದಿದೆ. ಮಗ್ಗ, ಕುಣಿ ಕೆಳಗೇ ಉಳಿದವು. ಅಡಿಗೆಮನೆ ಮೇಲೆ ಹೋಯಿತು. ಸರಳೆಲ್ಲ ಕಾಂಕ್ರೀಟಿನೊಳಗೆ ಮುಚ್ಚಿ, ಮೇಲೆ ನುಣ್ಣಗೆ ಪ್ಯಾರಾಪೆಟ್ಟು. ಈ ಸಲ ಅಪ್ಪ ತಲೆಯಾಡಿಸಿದ. ಆದರೆ ಹಿಂದೆ ನಿಂತಿದ್ದ ಆಯಿ ಬಗ್ಗಿ ನೋಡಿ, ‘ಸೀರಿ ಎಲ್ಲಿ ಒಣಹಾಕ್ಲೋ?’ ಎಂದಳು. ಹದಿನಾಲ್ಕು ವರ್ಷ ಆಕೆಯ ಹಗ್ಗ ಮೂಡಣ ಮೂಲೆಯ ಸರಳಿನಿಂದ ಪಡುವಣ ಮೂಲೆಯ ಸರಳಿಗೆ ಕಟ್ಟಿಕೊಂಡೇ ಇತ್ತು. ಹದಿನಾರು ಮೊಳದ ಇಳಕಲ್ಲ ಸೀರೆ ನೆಲಕ್ಕೆ ತಾಗದೆ ಒಣಗುತ್ತಿದ್ದದ್ದು ಅದರ ಮೇಲೆಯೇ.

ಜ್ಯೂರಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸೆಕ್ಷನ್ ಮೇಲೆ ಪೆನ್ಸಿಲು ಇಟ್ಟರು. ‘ಪ್ಯಾರಾಪೆಟ್ ದಾಟಿ ಎರಡು ಮೂಲೆಯಲ್ಲಿ ಸರಳು ಬಿಟ್ಟಿದ್ದೀರಿ. ಎಷ್ಟು ಲೋಡಿಗೆ ಲೆಕ್ಕ ಹಾಕಿದ್ದು?’

‘ಒಂದು ಸೀರೆ ಸರ್. ಹಸಿಯದು, ಹಿಂಡದೇ ಇದ್ದದ್ದು.’